ನೆನಪಿಡುವ ನಾಯಕರು, ಮರೆಯುವ ನಾಯಕರು

1964ರ ಮಾರ್ಚ್ ತಿಂಗಳ 'ಅವೆಂಜರ್ಸ್' ಸಂಚಿಕೆಯಲ್ಲಿ ಕಡಲಿನ ಹಿಮಗಡ್ಡೆಯೊಳಗೆ ಒಬ್ಬ ಮನುಷ್ಯ ಸಿಕ್ಕಿದ. ಅವನೇ ಕ್ಯಾಪ್ಟನ್ ಅಮೆರಿಕ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಸಿಡಿದ ವಿಮಾನದಿಂದ ನೀರಿಗೆ ಬಿದ್ದವನು ಅಷ್ಟೂ ವರ್ಷ ಹೆಪ್ಪುಗಟ್ಟಿ ಮಲಗಿದ್ದ ಎಂದು ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಓದುಗರಿಗೆ ಹೇಳಿದರು. ಕಥೆ ಸೊಗಸಾಗಿತ್ತು. ಆದರೆ ಅದೇ ಪ್ರಕಾಶನ ಯುದ್ಧ ಮುಗಿದ ಮೇಲೂ ಕ್ಯಾಪ್ಟನ್ ಅಮೆರಿಕನ ಕಥೆಗಳನ್ನು ಅಚ್ಚು ಹಾಕಿತ್ತು. 1953-54ರಲ್ಲಿ ಅವನನ್ನು ಮತ್ತೆ ಎಬ್ಬಿಸಿ ತಂದು ಕಮ್ಯುನಿಸ್ಟರ ಮೇಲೆ ಛೂ ಬಿಟ್ಟಿತ್ತು. ಹಿಮದಲ್ಲಿ ಮಲಗಿದ್ದವನು ಅದೇ ಹೊತ್ತಿಗೆ ಅಮೆರಿಕದ ಬೀದಿಗಳಲ್ಲಿ ಬಡಿದಾಡಿದ್ದು ಹೇಗೆ?

ಲೀ ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಲಿಲ್ಲ. ಐವತ್ತರ ದಶಕದ ಆ ಕಥೆಗಳು ಯಾರಿಗೂ ನೆನಪಿರಲಾರವು ಎಂದುಕೊಂಡಿರಬೇಕು. 1972ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಎಂಬ ಯುವ ಲೇಖಕ, ಚಿತ್ರಕಾರ ಸ್ಯಾಲ್ ಬ್ಯುಸೀಮಾ ಜೊತೆಗೂಡಿ ಉತ್ತರ ಕೊಟ್ಟ. ಐವತ್ತರ ದಶಕದವನು ಬೇರೆಯೇ ಮನುಷ್ಯ. ಕ್ಯಾಪ್ಟನ್ ಅಮೆರಿಕನ ಹುಚ್ಚು ಅಭಿಮಾನಿ. ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಾಯಕನ ಹೆಸರನ್ನೇ ಇಟ್ಟುಕೊಂಡು, ಅರೆಬರೆ ತಿಳಿದ ರಾಸಾಯನಿಕವನ್ನು ಮೈಗೆ ಚುಚ್ಚಿಸಿಕೊಂಡ. ಅದರಿಂದ ತಲೆ ಕೆಟ್ಟು, ಕಂಡವರನ್ನೆಲ್ಲ ದೇಶದ್ರೋಹಿ ಎನ್ನತೊಡಗಿದ. ಕೊನೆಗೆ ಸರ್ಕಾರವೇ ಅವನನ್ನು ಹಿಡಿದು ದೀರ್ಘನಿದ್ದೆಗೆ ಕಳಿಸಿತು. ಈಗ ಎಚ್ಚೆತ್ತು ಬಂದವನ ಎದುರು ನಿಜವಾದ ಕ್ಯಾಪ್ಟನ್ ನಿಲ್ಲಬೇಕಾಯಿತು. ತನ್ನದೇ ಮುಖ, ತನ್ನದೇ ಧ್ವಜದ ಬಟ್ಟೆ, ತಾನಾಗಬಾರದಿದ್ದ ಮನುಷ್ಯ. ಇದಾದ ಎರಡು ವರ್ಷಕ್ಕೆ, ವಾಟರ್‌ಗೇಟ್ ಹಗರಣದ ಕಾಲದಲ್ಲಿ, ಅದೇ ಲೇಖಕನ ಕೈಯಲ್ಲಿ ಕ್ಯಾಪ್ಟನ್ ತನ್ನ ಹೆಸರನ್ನೂ ಗುರಾಣಿಯನ್ನೂ ಕೆಳಗಿಟ್ಟ.

ಪ್ರಕಾಶಕರ ಲೆಕ್ಕದ ತಪ್ಪೊಂದನ್ನು ತಿದ್ದಲು ಹೋಗಿ ಎಂಗಲ್‌ಹಾರ್ಟ್ ಒಂದು ಪಾತ್ರವನ್ನು ಬೆಳೆಸಿಬಿಟ್ಟ. ಹಳೆಯ ಸೂಪರ್‌ಹೀರೋ ಮತ್ತು ಸಾಹಸ ಕಾಮಿಕ್ಸ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ಎರಡು ದೂರುಗಳು ಜೋಡಿಯಾಗಿ ಏಳುತ್ತವೆ. ಒಂದು, ಅವುಗಳಲ್ಲಿ ಪಾತ್ರಗಳೇ ಇಲ್ಲ, ವೇಷಗಳಷ್ಟೇ ಇವೆ ಎಂಬುದು. ಇನ್ನೊಂದು, ಒಂದು ಕಥೆಗೂ ಮತ್ತೊಂದಕ್ಕೂ ತಾಳೆಯಿಲ್ಲ ಎಂಬುದು. ಎರಡಕ್ಕೂ ಮದ್ದು ಒಂದೇ, ಅಂದರೆ ಘಟನೆಗಳನ್ನು ಕಟ್ಟುನಿಟ್ಟಾಗಿ ಕೊಂಡಿ ಹಾಕಿದರೆ ಪಾತ್ರ ತಾನಾಗಿ ಮೂಡುತ್ತದೆ ಎಂಬ ನಂಬಿಕೆ ಎಂಬತ್ತರ ದಶಕದಿಂದೀಚೆಗೆ ಗಟ್ಟಿಯಾಗಿದೆ. ನನಗೆ ಆ ನಂಬಿಕೆ ಇಲ್ಲ. ಪ್ರಕಾಶಕರ ಖಾತೆ ಪುಸ್ತಕ ಸರಿಯಿದೆಯೇ ಎಂಬುದು ಒಂದು ಪ್ರಶ್ನೆ. ತನಗೆ ಆದದ್ದು ಪಾತ್ರಕ್ಕೆ ನೆನಪಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಒಳ್ಳೆಯ ಕಾಮಿಕ್ಸ್‌ಗಳು ಎರಡನೆಯದಕ್ಕೆ ಉತ್ತರ ಕೊಟ್ಟವು. ಹಲವು ಸಲ ಮೊದಲನೆಯದನ್ನು ಗಾಳಿಗೆ ತೂರಿಯೇ ಕೊಟ್ಟವು.

ಈ ಚರ್ಚೆಯ ಅತ್ಯಂತ ಪ್ರಸಿದ್ಧ ಪ್ರಬಂಧ ಉಂಬರ್ಟೊ ಇಕೋ 1962ರಲ್ಲಿ ಸೂಪರ್‌ಮ್ಯಾನ್ ಬಗ್ಗೆ ಬರೆದದ್ದು. ಅವರ ವಾದದ ತಿರುಳು ಇಷ್ಟು. ಪುರಾಣದ ನಾಯಕನ ಕಥೆ ಮೊದಲೇ ನಡೆದುಹೋಗಿದೆ, ಅದು ಬದಲಾಗದು. ಕಾದಂಬರಿಯ ನಾಯಕನಿಗೆ ಮುಂದೇನಾಗುತ್ತದೋ ಗೊತ್ತಿಲ್ಲ, ಅವನು ನಮ್ಮಂತೆ ಸವೆಯುತ್ತಾನೆ. ಸೂಪರ್‌ಮ್ಯಾನ್ ಎರಡೂ ಆಗಬೇಕು. ಪ್ರತಿ ತಿಂಗಳೂ ಹೊಸ ಕಥೆ ಬೇಕು, ಆದರೆ ಅವನು ಸವೆಯಬಾರದು. ಮದುವೆಯಾದರೆ, ಮಕ್ಕಳಾದರೆ, ಅವನು ಸಾವಿನತ್ತ ಒಂದು ಹೆಜ್ಜೆ ಇಟ್ಟಂತೆ. ಹಾಗಾಗಿ ಪ್ರತಿ ಕಥೆಯೂ ಹಿಂದಿನದು ನಡೆದೇ ಇಲ್ಲವೆಂಬಂತೆ ಶುರುವಾಗುತ್ತದೆ. ಕಾಲ ಕನಸಿನ ಕಾಲದಂತೆ ಮಸುಕಾಗುತ್ತದೆ.

ಸೂಪರ್‌ಮ್ಯಾನ್ ಮಟ್ಟಿಗೆ ಇದು ಸರಿ. ಆದರೆ ಅವನೂ ಮೊದಲಿನಿಂದಲೇ ಹಾಗಿರಲಿಲ್ಲ. ಕ್ಲೀವ್‌ಲ್ಯಾಂಡ್‌ನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಕೇವಲ 130 ಡಾಲರಿಗೆ ಹಕ್ಕು ಮಾರಿದ ಆ ಪಾತ್ರ 1938ರ ಜೂನ್ ತಿಂಗಳ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಬಂದಾಗ ಹಾರುತ್ತಿರಲಿಲ್ಲ, ಜಿಗಿಯುತ್ತಿದ್ದ. ಹೆಂಡತಿಗೆ ಹೊಡೆಯುವವನನ್ನು ಗೋಡೆಗೆ ಅಪ್ಪಳಿಸಿದ, ತಪ್ಪು ಶಿಕ್ಷೆಗೆ ಒಳಗಾದ ಹೆಂಗಸನ್ನು ಮರಣದಂಡನೆಯಿಂದ ಉಳಿಸಿದ, ರಾಜಕಾರಣಿಯನ್ನು ಕೊಂಡುಕೊಂಡ ದಲ್ಲಾಳಿಗೆ ಬೆವರಿಳಿಸಿದ. ಆರ್ಥಿಕ ಕುಸಿತದ ಕಾಲದ ಸಿಟ್ಟಿನ ಯುವಕ ಅವನು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವನು ಗ್ರಹಗಳನ್ನೇ ತಳ್ಳುವ, ಸಿಟ್ಟೇ ಬಾರದ ಊರ ಹಿರಿಯನಾಗಿದ್ದ. ಈ ಬದಲಾವಣೆ ಅವನ ಜೀವನದಲ್ಲಿ ನಡೆದ ಯಾವ ಘಟನೆಯಿಂದಲೂ ಆದದ್ದಲ್ಲ. ಸಂಪಾದಕರು, ಸೆನ್ಸಾರ್‌ನಂತೆ ಕೂತ 1954ರ ಕಾಮಿಕ್ಸ್ ಸಂಹಿತೆ, ವ್ಯಾಪಾರ, ಇವೆಲ್ಲ ಸೇರಿ ಮಾಡಿದ್ದು. ಪಾತ್ರಕ್ಕೆ ತಾನು ಬದಲಾದದ್ದೇ ಗೊತ್ತಿಲ್ಲ.

ಮರೆವಿಗೆ ಕಾರಣಗಳು ಸರಳವಾಗಿದ್ದವು. ಪತ್ರಿಕೆ ಅಂಗಡಿಯ ಕಬ್ಬಿಣದ ಸ್ಟ್ಯಾಂಡಿನಿಂದ ಮಗುವೊಂದು ಯಾವ ತಿಂಗಳು ಯಾವ ಸಂಚಿಕೆ ಎತ್ತಿಕೊಳ್ಳುತ್ತದೋ ಹೇಳಲಾಗದು. ಹಳೆಯದು ಮರುಮುದ್ರಣವಾಗುವುದು ಅಪರೂಪ. ಓದುವ ಮಕ್ಕಳು ನಾಲ್ಕೈದು ವರ್ಷಕ್ಕೊಮ್ಮೆ ಬೆಳೆದು ಬೇರೆ ದಾರಿ ಹಿಡಿಯುತ್ತಾರೆ, ಹಾಗಾಗಿ ಹಳೆಯ ಕಥೆಯನ್ನೇ ತಿರುಗಿಸಿ ಕೊಟ್ಟರೂ ನಡೆದೀತು ಎಂಬುದು ಸಂಪಾದಕರ ಲೆಕ್ಕಾಚಾರ. ಬರೆಯುವವರ ಹೆಸರೂ ಹೆಚ್ಚಿನ ಕಡೆ ಅಚ್ಚಾಗುತ್ತಿರಲಿಲ್ಲ. ಇಂಥಲ್ಲಿ ತಾಳೆ ಹಾಕಿ ನೋಡುವವರು ಯಾರು? ಸೂಪರ್‌ಮ್ಯಾನನ ವೈರಿ ಲೆಕ್ಸ್ ಲೂಥರ್ 1940ರಲ್ಲಿ ಮೊದಲು ಬಂದಾಗ ತಲೆ ತುಂಬ ಕೆಂಪು ಕೂದಲಿತ್ತು, ಮರುವರ್ಷ ಬೋಳಾದ. ಚಿತ್ರಕಾರನ ಗೊಂದಲವೇ ಅದಕ್ಕೆ ಕಾರಣ ಎನ್ನುವುದುಂಟು.

ಆ ಬೋಳುತಲೆಯಿಂದ ಹುಟ್ಟಿದ್ದೇ ಮಾರ್ಟ್ ವೈಸಿಂಗರ್ ಸಂಪಾದಕತ್ವದ ಕಾಲದ ನಿಜವಾದ ಪಾತ್ರ ಎಂದರೆ ತಪ್ಪಾಗದು. 1960ರ ಕಥೆಯೊಂದರಲ್ಲಿ, ಮತ್ತೆ ಸೀಗಲ್ ಬರೆದದ್ದು, ಲೂಥರ್ ಮತ್ತು ಸೂಪರ್‌ಬಾಯ್, ಅಂದರೆ ಬಾಲಕ ಸೂಪರ್‌ಮ್ಯಾನ್, ಒಂದೇ ಊರಿನ ಹುಡುಗರು, ಸ್ನೇಹಿತರು. ಲೂಥರನ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದಾಗ ಸೂಪರ್‌ಬಾಯ್ ಊದಿ ಆರಿಸುತ್ತಾನೆ. ಹೊಗೆಯಿಂದ ಲೂಥರನ ಕೂದಲು ಉದುರುತ್ತದೆ, ಅವನು ಸೃಷ್ಟಿಸಿದ್ದ ಜೀವಕಣವೂ ನಾಶವಾಗುತ್ತದೆ. ಹೊಟ್ಟೆಕಿಚ್ಚಿನಿಂದಲೇ ಹೀಗೆ ಮಾಡಿದ ಎಂದು ಲೂಥರ್ ನಂಬಿಬಿಡುತ್ತಾನೆ. ಕೂದಲಿಗಾಗಿ ಜನ್ಮವೈರ ಎಂದು ನಗುವವರಿದ್ದಾರೆ. ಕಥೆಯನ್ನು ಓದಿದರೆ ಕೂದಲು ನೆಪ, ಕಳೆದುಹೋದ ಸ್ನೇಹವೇ ಗಾಯ ಎಂಬುದು ಕಾಣುತ್ತದೆ. 1963ರಲ್ಲಿ ಎಡ್ಮಂಡ್ ಹ್ಯಾಮಿಲ್ಟನ್ ಬರೆದ ಕಥೆಯಲ್ಲಿ ಇವರಿಬ್ಬರೂ ಕೆಂಪು ಸೂರ್ಯನ ಗ್ರಹವೊಂದಕ್ಕೆ ಹೋಗುತ್ತಾರೆ. ಅಲ್ಲಿ ಸೂಪರ್‌ಮ್ಯಾನ್ ಬಲ ಕಳೆದುಕೊಂಡ ಸಾಮಾನ್ಯ. ಲೂಥರ್ ಬರಗಾಲದ ಜನಕ್ಕೆ ನೀರು ತೋರಿಸಿದ ವೀರ. ಆ ಜನರಿಗೆ ನೀರು ತಲುಪಲೆಂದೇ ಅವನು ಗೆಲ್ಲಬಹುದಾಗಿದ್ದ ಹೋರಾಟವನ್ನು ಸೋಲುತ್ತಾನೆ. ಮುಂದಿನ ಕಥೆಗಳಲ್ಲಿ ಆ ಗ್ರಹ ಮತ್ತೆ ಮತ್ತೆ ಬರುತ್ತದೆ, ಅಲ್ಲಿ ಅವನಿಗೆ ಹೆಂಡತಿಯೂ ಸಿಗುತ್ತಾಳೆ. ಸೂಪರ್‌ಮ್ಯಾನ್ ಎಲ್ಲವನ್ನೂ ಮರೆಯುತ್ತಿದ್ದ ಕಾಲದಲ್ಲಿ ಲೂಥರ್ ಎಲ್ಲವನ್ನೂ ನೆನಪಿಟ್ಟುಕೊಂಡ. ಆ ವರ್ಷಗಳ ಕಥೆಗಳಲ್ಲಿ ಖಳನೇ ಹೆಚ್ಚು ಮನುಷ್ಯನಾಗಿ ಕಾಣುವುದು ಈ ಕಾರಣಕ್ಕೆ.

ಈ ಮರೆವಿನ ಬೆಲೆ ಹೆಚ್ಚು ತೆತ್ತವರು ಹೆಣ್ಣು ಪಾತ್ರಗಳು. 1938ರ ಲೋಯಿಸ್ ಲೇನ್ ಚುರುಕು ನಾಲಿಗೆಯ ಪತ್ರಕರ್ತೆ; ಪೀಡಿಸಿದ ರೌಡಿಯ ಕೆನ್ನೆಗೆ ಬಾರಿಸಿ ಎದ್ದು ನಡೆಯುವವಳು. 1958ರಲ್ಲಿ ಅವಳದೇ ಹೆಸರಿನ ಪತ್ರಿಕೆ ಶುರುವಾದಾಗ, ಸೂಪರ್‌ಮ್ಯಾನನ ಗೆಳತಿ ಎಂಬ ವಿಶೇಷಣ ಹೆಸರಿಗಿಂತ ಮೊದಲೇ ಅಂಟಿಕೊಂಡಿತ್ತು. ತಿಂಗಳ ಮೇಲೆ ತಿಂಗಳು ಅವಳು ಅವನನ್ನು ಮದುವೆಗೆ ಒಪ್ಪಿಸುವ, ಅವನ ಗುಟ್ಟು ಬಯಲು ಮಾಡುವ ಹಂಚಿಕೆಗಳಲ್ಲೇ ಕಳೆದಳು. ಕಥೆ ಮುಂದಕ್ಕೆ ಹೋಗಬಾರದೆಂಬ ನಿಯಮವಿದ್ದಲ್ಲಿ ಹೆಣ್ಣಿನ ಆಸೆ ಹಾಸ್ಯದ ಸರಕಾಗುತ್ತದೆ. ಮದುವೆ, ಮಕ್ಕಳು, ಸಾವು ತೋರಿಸಬೇಕೆನಿಸಿದಾಗ ವೈಸಿಂಗರ್ ಬಳಗ ಅದಕ್ಕೆ 'ಕಾಲ್ಪನಿಕ ಕಥೆ' ಎಂಬ ಹಣೆಪಟ್ಟಿ ಹಚ್ಚುತ್ತಿತ್ತು. ಉಳಿದವು ವಾಸ್ತವವೋ ಎಂಬಂತೆ! 1961ರಲ್ಲಿ ಬಂದ ಸೂಪರ್‌ಮ್ಯಾನನ ಸಾವಿನ ಕಥೆ ಇಂಥದ್ದೇ. ಆ ದಶಕದ ಗಂಭೀರ ಸೂಪರ್‌ಮ್ಯಾನ್ ಕಥೆಗಳಲ್ಲಿ ಅದೂ ಒಂದು. ಲೆಕ್ಕಕ್ಕಿಲ್ಲದ ಕಥೆಯಲ್ಲೇ ಪಾತ್ರಗಳು ನಿಜವಾಗಿ ಅತ್ತವು.

ಬ್ಯಾಟ್‌ಮ್ಯಾನ್ ವಿಷಯ ಬೇರೆ. 1939ರ ಮೇನಲ್ಲಿ ಬಂದ ಅವನಿಗೆ ನವೆಂಬರ್‌ವರೆಗೆ ಹಿನ್ನೆಲೆಯೇ ಇರಲಿಲ್ಲ. ಆ ತಿಂಗಳ ಎರಡು ಪುಟಗಳಲ್ಲಿ ಬೀದಿಗಳ್ಳನೊಬ್ಬ ಹುಡುಗನ ಕಣ್ಣೆದುರೇ ತಂದೆತಾಯಿಯನ್ನು ಕೊಂದ; ಹುಡುಗ ಪಣ ತೊಟ್ಟ. ಇಷ್ಟೇ ಸಾಕಾಯಿತು. ಮೊದಲ ವರ್ಷ ಅವನು ಬಂದೂಕು ಹಿಡಿದದ್ದೂ ಉಂಟು, ಕೊಂದದ್ದೂ ಉಂಟು; ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅದನ್ನು ನಿಲ್ಲಿಸಿದರು. ಜೋಕರ್ 1940ರ ಮೊದಲ ಸಂಚಿಕೆಯಲ್ಲೇ ಸಾಯಬೇಕಿತ್ತು; ಎಲ್ಸ್‌ವರ್ತ್ ಬದುಕಿಸಿದರು. ಕೊಲ್ಲದಿರುವ ವ್ರತ, ಸಾಯದ ವೈರಿ, ಬ್ಯಾಟ್‌ಮ್ಯಾನ್ ಪಾತ್ರದ ಆಳವೆಂದು ಇಂದು ನಾವು ಚರ್ಚಿಸುವ ಈ ಎರಡೂ ಸಂಪಾದಕರ ಮೇಜಿನ ತೀರ್ಮಾನಗಳು.

1948ರಲ್ಲಿ ಬಿಲ್ ಫಿಂಗರ್ ಆ ಕೊಲೆಗಾರನಿಗೆ ಹೆಸರು ಕೊಟ್ಟರು: ಜೋ ಚಿಲ್. ಹಳೆಯ ಕಾಮಿಕ್ಸ್‌ಗಳಲ್ಲಿ ಪಾತ್ರ ಮತ್ತು ಕೊಂಡಿ ಇಷ್ಟು ಚೆನ್ನಾಗಿ ಬೆರೆತ ಕಥೆಗಳು ಕಡಿಮೆ. ಚಿಲ್‌ನನ್ನು ಪತ್ತೆ ಹಚ್ಚಿದ ಬ್ಯಾಟ್‌ಮ್ಯಾನ್ ಬಳಿ ಸಾಕ್ಷ್ಯವಿಲ್ಲ. ಅವನು ಮುಖವಾಡ ಕಳಚಿ, ತಾನು ಯಾರೆಂದು ಹೇಳುತ್ತಾನೆ: ನೀನು ಕೊಂದವರ ಮಗ ನಾನು, ಇನ್ನು ಮುಂದೆ ನಿನ್ನ ಬೆನ್ನು ಬಿಡುವುದಿಲ್ಲ. ಹೆದರಿದ ಚಿಲ್ ತನ್ನ ಪಾತಕಿ ಗೆಳೆಯರ ಬಳಿ ಓಡುತ್ತಾನೆ. ಬ್ಯಾಟ್‌ಮ್ಯಾನ್ ಹುಟ್ಟಿದ್ದೇ ತನ್ನಿಂದ ಎಂದು ಬಾಯಿಬಿಡುತ್ತಾನೆ. ತಮ್ಮನ್ನೆಲ್ಲ ಜೈಲಿಗೆ ತಳ್ಳಿದವನನ್ನು ಸೃಷ್ಟಿಸಿದ ತಪ್ಪಿಗೆ ಅವರೇ ಅವನಿಗೆ ಗುಂಡಿಕ್ಕುತ್ತಾರೆ. ಆ ಹೆಸರು ಯಾವುದೆಂದು ಕೇಳಬೇಕಿತ್ತು ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ತಡವಾಗಿರುತ್ತದೆ. ನಾಯಕನ ಹಳೆಯ ಗಾಯ, ಅವನ ವ್ರತ, ಗುಟ್ಟು ಎಲ್ಲವೂ ಒಂದೇ ಕ್ಷಣದಲ್ಲಿ ಕೆಲಸ ಮಾಡಿದ ಕಥೆಯದು.

ಎಂಟು ವರ್ಷದ ಬಳಿಕ ಇನ್ನೊಂದು ಕಥೆ ಬಂತು. ಜೋ ಚಿಲ್ ಬರೀ ಬೀದಿಗಳ್ಳನಲ್ಲ, ಲ್ಯೂ ಮಾಕ್ಸನ್ ಎಂಬ ದೊಡ್ಡ ಪಾತಕಿಯ ಸುಪಾರಿ ಪಡೆದವನು; ಹುಡುಗನ ತಂದೆಯೂ ಒಮ್ಮೆ ಬಾವಲಿ ವೇಷ ತೊಟ್ಟಿದ್ದರು ಎಂದು ಅದು ವಿವರಿಸಿತು. ಕೊಂಡಿಗಳು ಹೆಚ್ಚಾದವು, ಕಥೆ ಬಡವಾಯಿತು. ಕಾರಣವಿಲ್ಲದ ಕೊಲೆಯೇ ಆ ಹುಡುಗನನ್ನು ಬ್ಯಾಟ್‌ಮ್ಯಾನ್ ಮಾಡಿದ್ದು. ಕಾರಣ ಸಿಕ್ಕ ಕೂಡಲೇ ಅದು ಬರೀ ಒಂದು ಪೊಲೀಸ್ ಪ್ರಕರಣ. ಮುಂದೆ ಇಡೀ ಉದ್ಯಮ ಹಿಡಿದ ದಾರಿಯ ಮೊದಲ ಸೂಚನೆ ಇಲ್ಲಿದೆ.

ದಿನಪತ್ರಿಕೆಗಳ ಸಾಹಸ ಕಥೆಗಳತ್ತ ತಿರುಗಿದರೆ ಬೇರೆಯೇ ಹವಾಮಾನ. ಅಲ್ಲಿ ಓದುಗ ನಿತ್ಯವೂ ಬರುವವನು, ನಿನ್ನೆಯ ಪಟ್ಟಿ ಅವನಿಗೆ ನೆನಪಿರುತ್ತದೆ. ಒಬ್ಬನೇ ಲೇಖಕ ದಶಕಗಳ ಕಾಲ ಬರೆಯುತ್ತಾನೆ. ಮಿಲ್ಟನ್ ಕ್ಯಾನಿಫ್ 1934ರ ಅಕ್ಟೋಬರಿನಲ್ಲಿ 'ಟೆರ್ರಿ ಅಂಡ್ ದಿ ಪೈರೇಟ್ಸ್' ಶುರು ಮಾಡಿದಾಗ ಟೆರ್ರಿ ಚೀನಾಕ್ಕೆ ಬಂದಿಳಿದ ಚಿಕ್ಕ ಹುಡುಗ. ಮಹಾಯುದ್ಧದ ಹೊತ್ತಿಗೆ ಅವನು ವಾಯುಪಡೆಯ ಅಧಿಕಾರಿ. 1941ರ ಅಕ್ಟೋಬರ್ 16ರಂದು ರೇವನ್ ಶೆರ್ಮನ್ ಎಂಬ ಪಾತ್ರ ಸತ್ತಾಗ ಓದುಗರು ಸ್ವಂತ ಮನೆಯವರನ್ನು ಕಳೆದುಕೊಂಡಂತೆ ಸಂತಾಪದ ಪತ್ರ ಬರೆದರು. ಅವಳು ಮತ್ತೆ ಬದುಕಿ ಬರಲಿಲ್ಲ. 1943ರ ಒಂದು ಭಾನುವಾರದ ಪುಟದಲ್ಲಿ ಹಿರಿಯ ಪೈಲಟ್ ಟೆರ್ರಿಗೆ ಹೇಳುವ ಬುದ್ಧಿಮಾತನ್ನು ಅಮೆರಿಕದ ಸಂಸತ್ತಿನ ದಾಖಲೆಗೂ ಸೇರಿಸಲಾಯಿತು. ಹ್ಯಾಲ್ ಫಾಸ್ಟರ್ ಅವರ 'ಪ್ರಿನ್ಸ್ ವೇಲಿಯಂಟ್' 1937ರಲ್ಲಿ ಹುಡುಗನಾಗಿ ಶುರುವಾಗಿ, 1946ರಲ್ಲಿ ಮದುವೆಯಾಗಿ, ಮರುವರ್ಷ ತಂದೆಯೂ ಆದ. ಇಕೋ ಅವರ ಸೂತ್ರವನ್ನು ಇಲ್ಲಿ ಅನ್ವಯಿಸಲಾಗದು. ಕಾಮಿಕ್ಸ್ ಎಂದ ಮಾತ್ರಕ್ಕೆ ಕಾಲ ನಿಲ್ಲಬೇಕಿಲ್ಲ.

ನಿಂತ ಕಾಲ, ಸಾಗುವ ಕಾಲ, ಇವೆರಡರ ನಡುವಿನ ದಾರಿಯನ್ನು ಲೀ ಫಾಕ್ ಹುಡುಕಿದರು. ಅವರಷ್ಟು ಜಾಣತನದಿಂದ ಕಾಲದ ತೊಡಕನ್ನು ಬಿಡಿಸಿದ ಕಾಮಿಕ್ಸ್ ಲೇಖಕ ನನಗೆ ಗೊತ್ತಿಲ್ಲ. 1936ರ ಫೆಬ್ರವರಿ 17ರಂದು 'ಫ್ಯಾಂಟಮ್' ಶುರುವಾದಾಗ ಮುಖವಾಡದ ಹಿಂದಿರುವವನು ಜಿಮ್ಮಿ ವೆಲ್ಸ್ ಎಂಬ ಶ್ರೀಮಂತ ಸೋಮಾರಿ ಯುವಕ ಎಂದು ಫಾಕ್ ಯೋಚಿಸಿದ್ದರು. ಮೊದಲ ಕಥೆ ನಡೆಯುತ್ತಿರುವಾಗಲೇ ಮನಸ್ಸು ಬದಲಿಸಿದರು. 1536ರಲ್ಲಿ ಕಡಲ್ಗಳ್ಳರಿಂದ ಬದುಕುಳಿದವನೊಬ್ಬ ಕಪಾಲದ ಮೇಲೆ ಪಣ ತೊಟ್ಟ. ಅವನ ಮಗ, ಮೊಮ್ಮಗ, ಹೀಗೆ ತಂದೆಯಿಂದ ಮಗನಿಗೆ ಅದೇ ಉಡುಪು, ಅದೇ ಉಂಗುರ. ನಾವು ಓದುವವನು ಇಪ್ಪತ್ತೊಂದನೆಯವನು. ಹೊರಗಿನ ಜಗತ್ತಿಗೆ ಒಬ್ಬನೇ ಸಾವಿಲ್ಲದ ಮನುಷ್ಯ, ಒಳಗೆ ಇಪ್ಪತ್ತು ಗೋರಿಗಳು. ಸೂಪರ್‌ಮ್ಯಾನ್ ಲೇಖಕರು ಮುಚ್ಚಿಡಲು ಹೆಣಗಾಡಿದ್ದನ್ನೇ, ಅಂದರೆ ವಯಸ್ಸಾಗದ ನಾಯಕ ಎಂಬ ಸುಳ್ಳನ್ನೇ, ಫಾಕ್ ಕಥೆಯ ಒಳಗಿನ ಗುಟ್ಟಾಗಿಸಿದರು. ಕಪಾಲ ಗುಹೆಯ ಕಪಾಟಿನಲ್ಲಿ ಪ್ರತಿ ಫ್ಯಾಂಟಮ್ ಬರೆದಿಟ್ಟ ದಿನಚರಿಗಳಿವೆ. ಹೊಸ ಕಥೆ ಬೇಕೆಂದರೆ ಹಳೆಯ ಸಂಪುಟ ತೆರೆದರಾಯಿತು.

ಇಷ್ಟೆಲ್ಲ ಇದ್ದೂ ಫಾಕ್ ಲೆಕ್ಕದ ವಿಷಯದಲ್ಲಿ ಸಲೀಸಾಗಿದ್ದರು. ಫ್ಯಾಂಟಮ್‌ನ ಬೆಂಗಾಲ ದೇಶ ಮೊದಲು ಏಷ್ಯಾದ ಎಲ್ಲೋ ಇತ್ತು, ನಿಧಾನಕ್ಕೆ ಆಫ್ರಿಕಾಕ್ಕೆ ಸರಿಯಿತು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾದ ಅರವತ್ತರ ದಶಕದಲ್ಲಿ ಆ ದೇಶಕ್ಕೂ ಲುವಾಗ ಎಂಬ ಕರಿಯ ವೈದ್ಯ ಚುನಾಯಿತ ಅಧ್ಯಕ್ಷನಾದ. ಅರಣ್ಯ ದಳದ ಮುಖ್ಯಸ್ಥನ ಸ್ಥಾನಕ್ಕೂ ಬಿಳಿಯ ವೀಕ್ಸ್ ಹೋಗಿ ವೊರುಬು ಬಂದ. ಫಾಕ್ ಅವರದೇ 'ಮಾಂಡ್ರೇಕ್'ನಲ್ಲಿ ಚಿರತೆ ಚರ್ಮ ಸುತ್ತಿಕೊಂಡು ಮುರುಕು ಇಂಗ್ಲಿಷ್ ಆಡುತ್ತಿದ್ದ ನಾಯಕನ ಜೊತೆಗಾರ ಲೋಥಾರ್, 1965ರಲ್ಲಿ ಫ್ರೆಡ್ ಫ್ರೆಡೆರಿಕ್ಸ್ ಚಿತ್ರಕಾರರಾಗಿ ಬಂದ ಮೇಲೆ ಸರಿಯಾದ ಭಾಷೆ, ಸರಿಯಾದ ಉಡುಪು ಪಡೆದ. ಇವು ಹಿಂದಿನದಕ್ಕೆ ಒಗ್ಗದ ಬದಲಾವಣೆಗಳು. ಆದರೆ ಹಿಂದಿನದಕ್ಕೆ ನಿಷ್ಠರಾಗಿ ಲೋಥಾರನನ್ನು ಚಿರತೆ ಚರ್ಮದಲ್ಲೇ ಉಳಿಸಿಕೊಳ್ಳಬೇಕಿತ್ತೇ? ಹಳೆಯ ಪಾತ್ರಚಿತ್ರಣದಲ್ಲಿ ಜನಾಂಗೀಯ ತಾತ್ಸಾರದ ಕಸ ತುಂಬಾ ಇತ್ತು. ತಾಳೆ ತಪ್ಪಿಸಿಯಾದರೂ ಅದನ್ನು ಗುಡಿಸಿದ್ದು ಒಳ್ಳೆಯದೇ ಆಯಿತು. 1936ರಿಂದ ಪ್ರೀತಿಸಿದ ಡಯಾನಾಳನ್ನು ಫ್ಯಾಂಟಮ್ 1977ರ ಕೊನೆಗೆ ಮದುವೆಯಾದ. ಅವಳಿ ಮಕ್ಕಳೂ ಆದರು. ಪಾತ್ರ ಕುಸಿಯಲಿಲ್ಲ.

ನಮ್ಮ ನಾಡಿನ ಓದುಗರಿಗೆ ಈ ಪ್ರಶ್ನೆ ತಲುಪಿದ್ದೇ ಬೇರೆ ಬಾಗಿಲಿನಿಂದ. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಶುರು ಮಾಡಿದ 'ಇಂದ್ರಜಾಲ ಕಾಮಿಕ್ಸ್' ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಫ್ಯಾಂಟಮ್‌ನನ್ನು ತಂದಿತು. ಬೆಂಗಾಲ ಎಂಬ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಡೆಂಕಾಲಿ ಆಯಿತು, ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ಮೂಲ ಪಟ್ಟಿಗಳನ್ನು ಪುಟದ ಅಳತೆಗೆ ಕತ್ತರಿಸಿ ಜೋಡಿಸಲಾಗುತ್ತಿತ್ತು. ಪತ್ರಿಕೆಯಲ್ಲಿ ಬಂದ ಅನುಕ್ರಮವನ್ನು ಪಾಲಿಸಲಿಲ್ಲ; ಮೊದಲ ಸಂಚಿಕೆಯೇ 1936ರ ಮೊದಲ ಕಥೆಯಲ್ಲ. ಚಿತ್ರಕಾರರು ಬದಲಾದಂತೆ ನಾಯಕನ ಮೈಕಟ್ಟೇ ಬದಲಾಗುತ್ತಿತ್ತು. ಸೈ ಬ್ಯಾರಿಯ ಫ್ಯಾಂಟಮ್ ಪಕ್ಕದಲ್ಲೇ ವಿಲ್ಸನ್ ಮೆಕಾಯ್ ಬರೆದ ಗಿಡ್ಡನೆಯವನೂ ಬರುತ್ತಿದ್ದ. ಕೈಯಿಂದ ಕೈಗೆ, ಬಾಡಿಗೆ ಗ್ರಂಥಾಲಯದಿಂದ ರಜೆಯ ಊರಿಗೆ, ಯಾವ ಸಂಚಿಕೆ ಸಿಕ್ಕಿತೋ ಅದನ್ನು ಓದಿದ ತಲೆಮಾರಿಗೆ ಕಥೆಯ ಹಿಂದುಮುಂದು ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಫ್ಯಾಂಟಮ್ ಎಂಥವನು ಎಂದು ಕೇಳಿದರೆ ಪ್ರತಿಯೊಬ್ಬರೂ ಒಂದೇ ಉತ್ತರ ಕೊಡುತ್ತಾರೆ: ಕಡಿಮೆ ಮಾತು, ತೆಳು ಹಾಸ್ಯ, ಕೊಟ್ಟ ಮಾತಿಗೆ ತಪ್ಪದ ಒಂಟಿತನ. ತಾರೀಖುಗಳ ಸಾತತ್ಯ ಚೂರುಚೂರಾದರೂ ಸ್ವಭಾವದ ಸಾತತ್ಯ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ಇಂದ್ರಜಾಲದಲ್ಲಿ 1976ರಿಂದ ಬಂದ ಆಬಿದ್ ಸುರತಿಯವರ 'ಬಹಾದೂರ್' ಡಕಾಯಿತನ ಮಗ, ಪೊಲೀಸನ ಆಶ್ರಯದಲ್ಲಿ ಬೆಳೆದವನು. ಅಂಥ ಒಳಜಗಳದ ನಾಯಕ ಆಗಿನ ಭಾರತೀಯ ಚಿತ್ರಕಥೆಗೆ ಹೊಸಬ.

ಯುರೋಪಿನಲ್ಲಿ ಎರ್ಜೆ ಕೂಡ ಸ್ವಭಾವವನ್ನೇ ನೆಚ್ಚಿದವರು. 1929ರಿಂದ ಟಿನ್‌ಟಿನ್‌ಗೆ ಒಂದು ದಿನವೂ ವಯಸ್ಸಾಗಲಿಲ್ಲ, ತಂದೆ ತಾಯಿ ಯಾರೂ ಇಲ್ಲ. ಬೆಳೆದವನು ಕ್ಯಾಪ್ಟನ್ ಹ್ಯಾಡಕ್. 1940ರ ದಶಕದ ಆರಂಭದಲ್ಲಿ ಕುಡಿದು ಅಳುವ, ನಂಬಲಾಗದ ಹಡಗಿನವನಾಗಿ ಬಂದವನು ಕೆಲವೇ ಪುಸ್ತಕಗಳಲ್ಲಿ ಬಂಗಲೆಯ ಒಡೆಯನಾದ, ಟಿಬೆಟ್ಟಿನ ಕಡಿದಾದ ಬಂಡೆಯಲ್ಲಿ ಗೆಳೆಯನಿಗಾಗಿ ತನ್ನ ಹಗ್ಗ ಕತ್ತರಿಸಲೂ ಸಿದ್ಧನಾದ. ಅವನ ಮೊದಲ ಹೆಸರು ಆರ್ಚಿಬಾಲ್ಡ್ ಎಂದು ಓದುಗರಿಗೆ ಗೊತ್ತಾದದ್ದು 1976ರ ಪುಸ್ತಕದಲ್ಲಿ. ತಾಳೆ ತಪ್ಪಿದಲ್ಲಿ ಎರ್ಜೆ ಏನು ಮಾಡಿದರು ನೋಡಿ. 'ಲ್ಯಾಂಡ್ ಆಫ್ ಬ್ಲ್ಯಾಕ್ ಗೋಲ್ಡ್' 1939ರಲ್ಲಿ ಶುರುವಾಗಿ ಜರ್ಮನ್ ಆಕ್ರಮಣದಿಂದ 1940ರಲ್ಲಿ ನಿಂತಿತು. ಆಗ ಹ್ಯಾಡಕ್ ಹುಟ್ಟಿರಲೇ ಇಲ್ಲ. 1948ರಲ್ಲಿ ಮುಂದುವರಿಸುವಾಗ ಅವನನ್ನು ಸೇರಿಸಲೇಬೇಕಿತ್ತು. ಎರ್ಜೆ ಅವನನ್ನು ಮೊದಲಲ್ಲಿ ಒಂದಿಷ್ಟು ತೋರಿಸಿ, ಕೊನೆಯಲ್ಲಿ ದಿಢೀರನೆ ಪ್ರತ್ಯಕ್ಷಗೊಳಿಸಿದರು. ತಾನು ಹೇಗೆ ಬಂದೆ ಎಂದು ಹೇಳಲು ಹ್ಯಾಡಕ್ ಬಾಯಿ ತೆರೆದಾಗಲೆಲ್ಲ ಯಾರಾದರೂ ಅಡ್ಡ ಬರುತ್ತಾರೆ. ಪುಸ್ತಕ ಮುಗಿದರೂ ವಿವರಣೆ ಸಿಗುವುದಿಲ್ಲ. ತೇಪೆಯನ್ನೇ ನಗೆಯಾಗಿಸಿ, ಆ ನಗೆಯನ್ನು ಹ್ಯಾಡಕ್‌ನ ಅಸಹನೆಗೆ ಹೊಂದಿಸಿದ ಈ ಉಪಾಯಕ್ಕೆ ಸಾಟಿಯಿಲ್ಲ.

ಮಾರ್ವೆಲ್ ಪ್ರಕಾಶನ ಬಂದ ಮೇಲೆ ಸೂಪರ್‌ಹೀರೋಗಳಿಗೂ ನೆನಪು ಬಂತು. 1961ರ 'ಫೆಂಟಾಸ್ಟಿಕ್ ಫೋರ್', ಮರುವರ್ಷದ ಸ್ಪೈಡರ್‌ಮ್ಯಾನ್, ಎಲ್ಲರೂ ಒಂದೇ ನ್ಯೂಯಾರ್ಕ್‌ನಲ್ಲಿ ಬದುಕುವವರು. ಹಿಂದಿನ ಘಟನೆ ಬಂದರೆ ಚೌಕದ ಕೆಳಗೆ ನಕ್ಷತ್ರ ಚಿಹ್ನೆ ಹಾಕಿ, ಯಾವ ಸಂಚಿಕೆ ನೋಡಬೇಕೆಂದು ಸಂಪಾದಕರು ತಿಳಿಸುತ್ತಿದ್ದರು. ತಮಾಷೆಯೆಂದರೆ ಈ ಸಂಪಾದಕರಿಗೇ ಮರೆವು. ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್ ಒಂದು ಕಥೆಯಲ್ಲಿ ಪೀಟರ್ ಪಾಮರ್ ಆದ. ಹಲ್ಕ್ ಆಗುವ ಬ್ರೂಸ್ ಬ್ಯಾನರ್ ಇನ್ನೊಂದೆಡೆ ಬಾಬ್ ಆದ. ಓದುಗರು ಪತ್ರ ಬರೆದಾಗ, ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಲೀ ಜಾರಿಕೊಂಡರು. ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದು, ಅಚ್ಚಿನ ತೊಂದರೆಯಿಂದಾಗಿ ಎರಡನೆಯದರಿಂದ ಹಸಿರು.

ಲೆಕ್ಕ ಹೀಗೆ ಸಡಿಲವಿದ್ದರೂ ಪರಿಣಾಮಗಳ ವಿಷಯದಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೋ ಮತ್ತು ಲೀ ಬಿಗಿಯಾಗಿದ್ದರು. ಸ್ಪೈಡರ್‌ಮ್ಯಾನ್ ಹತ್ತನೇ ಸಂಚಿಕೆಯಲ್ಲಿ ಚಿಕ್ಕಮ್ಮ ಮೇಗೆ ರಕ್ತ ಬೇಕಾಗುತ್ತದೆ, ಪೀಟರ್ ಕೊಡುತ್ತಾನೆ. ಅಲ್ಲಿಗೆ ಅದು ಮುಗಿದ ಮಾತು. ಆದರೆ ಇಪ್ಪತ್ತು ಚಿಲ್ಲರೆ ಸಂಚಿಕೆಗಳ ಬಳಿಕ ಚಿಕ್ಕಮ್ಮ ಸಾವಿನಂಚಿಗೆ ಬರುತ್ತಾಳೆ. ಕಾರಣ ಅದೇ ವಿಕಿರಣ ತುಂಬಿದ ರಕ್ತ. ಅವಳನ್ನು ಉಳಿಸಲೆಂದು ಕೊಟ್ಟದ್ದೇ ಕೊಲ್ಲುತ್ತಿದೆ. ತನ್ನ ಅಸಡ್ಡೆಯಿಂದ ಚಿಕ್ಕಪ್ಪ ಬೆನ್ ಸತ್ತ ಎಂಬ ಕೊರಗು ಮೊದಲೇ ಇದೆ. 1966ರ ಫೆಬ್ರವರಿಯ 33ನೇ ಸಂಚಿಕೆಯಲ್ಲಿ ಬೃಹತ್ ಯಂತ್ರವೊಂದರ ಅಡಿ ಸಿಕ್ಕಿ ಬಿದ್ದ ಪೀಟರ್, ಕೈಗೆಟುಕದಷ್ಟು ದೂರದಲ್ಲಿ ಔಷಧ, ಮೇಲಿನಿಂದ ಸುರಿಯುವ ನೀರು. ಪುಟದಿಂದ ಪುಟಕ್ಕೆ ಡಿಟ್ಕೋ ಚೌಕಗಳನ್ನು ಹಿಗ್ಗಿಸುತ್ತ ಹೋಗುತ್ತಾರೆ, ಕೊನೆಗೆ ಇಡೀ ಪುಟವನ್ನು ತುಂಬಿ ಅವನು ಯಂತ್ರವನ್ನು ಎತ್ತಿ ನಿಲ್ಲುತ್ತಾನೆ. ಅದು ತೋಳಿನ ಬಲದ ದೃಶ್ಯವಲ್ಲ. ಹಿಂದೆ ಮಾಡಿದ್ದು, ಮಾಡದೆ ಬಿಟ್ಟದ್ದು ಎಲ್ಲದರ ಭಾರ ಆ ಯಂತ್ರದಲ್ಲಿದೆ. ಹತ್ತನೇ ಸಂಚಿಕೆ ಓದದವರಿಗೂ ಅದು ಅರ್ಥವಾಗುತ್ತದೆ, ಓದಿದವರಿಗೆ ಇನ್ನಷ್ಟು ತಟ್ಟುತ್ತದೆ. ಹಳೆಯ ಸೂಪರ್‌ಹೀರೋ ಕಾಮಿಕ್ಸ್ ಇದಕ್ಕಿಂತ ಮೇಲೆ ಹೋಗಲಿಲ್ಲ ಎಂಬುದು ನನ್ನ ಎಣಿಕೆ.

1973ರಲ್ಲಿ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ಜೆರ್ರಿ ಕಾನ್ವೇ ಬರೆದು ಗಿಲ್ ಕೇನ್ ಚಿತ್ರಿಸಿದ ಆ ಕಥೆಯಲ್ಲಿ ಸೇತುವೆಯಿಂದ ಬೀಳುವ ಅವಳನ್ನು ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡಿಯುತ್ತಾನೆ. ಕತ್ತಿನ ಬಳಿ ಲಟಕ್ ಎಂಬ ಪುಟ್ಟ ಸದ್ದು. ಥಟ್ಟನೆ ನಿಂತ ಜಗ್ಗುವಿಕೆಯೇ ಕೊಂದದ್ದೆಂದು ಆಮೇಲೆ ಪತ್ರಗಳ ಅಂಕಣದಲ್ಲಿ ಒಪ್ಪಿಕೊಳ್ಳಲಾಯಿತು. ಕಾಪಾಡುವ ಕೈಯೇ ಕೊಂದಿತು ಎಂಬ ಈ ವಿಷಾದ ಹತ್ತನೇ ಸಂಚಿಕೆಯ ರಕ್ತದಾನದ ಮುಂದುವರಿಕೆಯಂತಿದೆ. ಆದರೆ ಅವಳ ಬದುಕಿಗೆ ಅವಳ ಸಾವಿನಷ್ಟು ಗಮನ ಯಾವ ಲೇಖಕನೂ ಕೊಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ಸಾವೂ ಉಳಿಯಲಿಲ್ಲ. ಓದುಗರ ಗದ್ದಲಕ್ಕೆ ಮಣಿದು ಎರಡೇ ವರ್ಷದಲ್ಲಿ ಅವಳ ತದ್ರೂಪಿ ಬಾಗಿಲು ತಟ್ಟಿದಳು. ಆಮೇಲಿನ ಕಾಮಿಕ್ಸ್‌ಗಳಲ್ಲಿ ಸಾವು ದೀರ್ಘ ರಜೆಯಾಯಿತು.

ಇತ್ತ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳ ಡಿಸಿ ಪ್ರಕಾಶನ ಇನ್ನೊಂದು ತುದಿಯಿಂದ ಬಂತು. 1961ರ ಸೆಪ್ಟೆಂಬರ್‌ನ 'ಫ್ಲ್ಯಾಶ್' ಸಂಚಿಕೆಯಲ್ಲಿ ಹೊಸ ಫ್ಲ್ಯಾಶ್ ಬ್ಯಾರಿ ಆ್ಯಲನ್ ನಲವತ್ತರ ದಶಕದ ಹಳೆಯ ಫ್ಲ್ಯಾಶ್ ಜೇ ಗ್ಯಾರಿಕ್‌ನನ್ನು ಭೇಟಿಯಾದ. ಇಬ್ಬರದೂ ಬೇರೆ ಬೇರೆ ಭೂಮಿ; ಒಬ್ಬನ ಬದುಕು ಇನ್ನೊಬ್ಬನ ಭೂಮಿಯಲ್ಲಿ ಕಾಮಿಕ್ಸ್ ಪುಸ್ತಕ. ಗಾರ್ಡನರ್ ಫಾಕ್ಸ್ ಮತ್ತು ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅವರ ಈ ಯುಕ್ತಿ ಎಲ್ಲ ತಾಳೆಗೇಡನ್ನೂ ಒಂದೇ ಏಟಿಗೆ ಬಗೆಹರಿಸಿತು. ಕನ್ನಡದ ಓದುಗರಿಗೆ ಇದರಲ್ಲಿ ಅಚ್ಚರಿಯಿಲ್ಲ. ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನ ದ್ರೌಪದಿ ಐವರ ಹೆಂಡತಿ. ಎರಡನ್ನೂ ಓದುವ ನಾವು ಯಾವುದು ಸರಿಯೆಂದು ಜಗಳಕ್ಕೆ ನಿಲ್ಲುವುದಿಲ್ಲ.

ಅಮೆರಿಕದ ಅಭಿಮಾನಿಗಳು ಜಗಳಕ್ಕೆ ನಿಂತರು. ಅರವತ್ತರ ದಶಕದ ಪತ್ರಗಳ ಅಂಕಣಗಳಿಂದ ಹುಟ್ಟಿದ ಅಭಿಮಾನಿ ಬಳಗದಿಂದಲೇ ಮುಂದಿನ ಲೇಖಕರು ಬಂದರು: ರಾಯ್ ಥಾಮಸ್, ಎಂಗಲ್‌ಹಾರ್ಟ್, ಕಾನ್ವೇ, ಮಾರ್ವ್ ವುಲ್ಫ್‌ಮನ್. ಹಿಂದಿನದನ್ನೆಲ್ಲ ಓದಿ ಅರಗಿಸಿಕೊಂಡವರಿಂದ ಒಳ್ಳೆಯದೂ ಆಯಿತು. ಕ್ಯಾಪ್ಟನ್ ಅಮೆರಿಕನ ಕಥೆ ಅದಕ್ಕೆ ಉದಾಹರಣೆ. ಎಂಬತ್ತರ ದಶಕದ ಹೊತ್ತಿಗೆ ಮಾತ್ರ ಕೈಪಿಡಿಗಳು ಬಂದವು, ಯಾರ ಎತ್ತರವೆಷ್ಟು, ಎಷ್ಟು ಟನ್ ಎತ್ತಬಲ್ಲ ಎಂಬ ಪಟ್ಟಿಗಳು ಬಂದವು. 1985-86ರಲ್ಲಿ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಸ್ ಹನ್ನೆರಡು ಸಂಚಿಕೆಗಳ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್'ನಲ್ಲಿ ಎಲ್ಲ ಭೂಮಿಗಳನ್ನೂ ಒಂದಾಗಿಸಿದರು. ಸೂಪರ್‌ಗರ್ಲ್, ಬ್ಯಾರಿ ಆ್ಯಲನ್ ಸತ್ತರು. ಚಿತ್ರಗಳು ಅದ್ಭುತ. ಆದರೆ ಗೊಂದಲ ಕಡಿಮೆಯಾಗಲಿಲ್ಲ. ಹಾಕ್‌ಮ್ಯಾನ್‌ನ ಹಿನ್ನೆಲೆಯನ್ನು ಹೊಸದಾಗಿ ಬರೆಯಲು ಹೋಗಿ, ನಡುವಿನ ವರ್ಷಗಳಲ್ಲಿ ಬಂದಿದ್ದವನು ಯಾರು ಎಂಬ ಪ್ರಶ್ನೆಗೆ ಒಂದರ ಮೇಲೊಂದು ಸಮಜಾಯಿಷಿ ಕೊಡಬೇಕಾಯಿತು. 1994ರಲ್ಲಿ ಇನ್ನೊಂದು ಮಹಾ ಶುದ್ಧೀಕರಣ, ಆಮೇಲೆ ಮತ್ತೊಂದು. ಖಾತೆ ಪುಸ್ತಕವನ್ನು ಹರಿದು ಹೊಸದಾಗಿ ಬರೆಯುವುದೇ ಕಥೆಯಾದಾಗ ಪಾತ್ರಗಳು ಬರೀ ನಮೂದುಗಳಾದವು.

ಲೆಕ್ಕ ಮತ್ತು ನೆನಪು ಎರಡನ್ನೂ ಒಟ್ಟಿಗೆ ಸಾಧಿಸಿದ ಕೃತಿಯೊಂದಿದೆ. ಅದು ಸೂಪರ್‌ಹೀರೋ ಕಥೆಯಲ್ಲ, ಬಾತುಕೋಳಿಗಳ ಸಾಹಸ ಕಥೆ. ಕಾರ್ಲ್ ಬಾರ್ಕ್ಸ್ 1947ರಲ್ಲಿ ಸ್ಕ್ರೂಜ್ ಮೆಕ್‌ಡಕ್‌ನನ್ನು ಸೃಷ್ಟಿಸಿದಾಗ ಅವನು ಸಿಡುಕು ಜಿಪುಣ. ವರ್ಷಗಳು ಕಳೆದಂತೆ ಬಾರ್ಕ್ಸ್ ಅವನಿಗೆ ಚಿನ್ನ ಹುಡುಕಿದ ಯೌವನವನ್ನೂ ಕೈಬಿಟ್ಟುಹೋದ ಪ್ರೀತಿಯನ್ನೂ ಅಲ್ಲಲ್ಲಿ ಒಂದೊಂದು ಮಾತಿನಲ್ಲಿ ಕೊಟ್ಟರು, ಒಟ್ಟು ಸೇರಿಸುವ ಗೋಜಿಗೆ ಹೋಗಲಿಲ್ಲ. 1992ರಿಂದ 94ರವರೆಗೆ ಡಾನ್ ರೋಸಾ ಆ ಚದುರಿದ ಮಾತುಗಳನ್ನೆಲ್ಲ ಹೆಕ್ಕಿ, 1867ರಲ್ಲಿ ಹುಟ್ಟಿದ ಮನುಷ್ಯನೊಬ್ಬನ ಜೀವನಚರಿತ್ರೆಯಂತೆ ಹನ್ನೆರಡು ಅಧ್ಯಾಯ ಕಟ್ಟಿದರು. ಅಷ್ಟು ದುಡ್ಡು ಗಳಿಸಿದವನು ಅಷ್ಟು ಒಂಟಿಯಾದದ್ದೇಕೆ ಎಂಬ ಒಂದೇ ಪ್ರಶ್ನೆ ಇಡೀ ಕೃತಿಯನ್ನು ನಡೆಸುತ್ತದೆ. ಹಾಗಾಗಿ ತಾರೀಖುಗಳು ಭಾರವಾಗುವುದಿಲ್ಲ.

ಈ ಕಥೆಗಳನ್ನು ಹೊಸದಾಗಿ ಓದಬಯಸುವವರು ಮೊದಲ ಸಂಚಿಕೆಯಿಂದ ಶುರು ಮಾಡುವ ಹಟ ಬಿಡಬಹುದು. 1948ರ ಜೋ ಚಿಲ್ ಕಥೆ, ಸ್ಪೈಡರ್‌ಮ್ಯಾನ್‌ನ 31ರಿಂದ 33ನೇ ಸಂಚಿಕೆ, ರೋಸಾ ಅವರ ಹನ್ನೆರಡು ಅಧ್ಯಾಯ, ಟಿಬೆಟ್ಟಿಗೆ ಹೋದ ಟಿನ್‌ಟಿನ್, ಇಷ್ಟು ಸಾಕು. ಇವು ಮರುಮುದ್ರಣಗಳಾಗಿ ಬಂದಿವೆ. ಕನ್ನಡದ ಇಂದ್ರಜಾಲಕ್ಕೆ ಆ ಭಾಗ್ಯವಿಲ್ಲ. ಯಾವ ಕಥೆ ಯಾವ ಕ್ರಮದಲ್ಲಿ ಬಂತು, ಏನನ್ನು ಕತ್ತರಿಸಿದರು, ಫ್ಯಾಂಟಮ್ ಕನ್ನಡದಲ್ಲಿ ಹೇಗೆ ಮಾತಾಡಿದ ಎಂಬುದನ್ನು ಹೇಳಬಲ್ಲವು ಆ ಹಳೆಯ ಪ್ರತಿಗಳು ಮಾತ್ರ. ನಿಮ್ಮ ಮನೆಯ ಅಟ್ಟದಲ್ಲಿ ಅಂಥವು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಕೊಡಿ.